ಚೆರಿಶ್‌ಗೊಂದು ನಿಜವಾದ ವಾಕ್ಯ

ನಮ್ಮ ಇಂಗ್ಲಿಷ್ ಮೇಡಂ ಕೆಂಪು ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಕ್ಯಾಪ್ ಹಾಕುವುದು ಮಾತ್ರ ನೆನಪಿರುತ್ತಿರಲಿಲ್ಲ. ರವಿಕೆಯ ಬೆನ್ನಿನ ಮೇಲೆಲ್ಲ ಕೆಂಪು ಚುಕ್ಕೆ. ಹಿಂದೂಪುರದ ಅವರ ನಡುಮನೆಯೇ ತರಗತಿ. ಡಿಗ್ರಿ ಓದುತ್ತಿದ್ದ ನಾವು ಆರು ಹುಡುಗಿಯರು ಸಂಜೆ ಹೋಗಿ ಚಾಪೆಯ ಮೇಲೆ ಕೂರುತ್ತಿದ್ದೆವು.

ಹೊಸ ಪದಕ್ಕೆ ಅರ್ಥ ಹೇಳಿ ಸುಮ್ಮನಾಗುವವರಲ್ಲ ಅವರು. ಪ್ರತಿಯೊಬ್ಬರೂ ಅದನ್ನು ಬಳಸಿ ತಮ್ಮ ಬದುಕಿನ ಒಂದು ವಾಕ್ಯ ಬರೆಯಬೇಕು, ಅದು ನಿಜವಾಗಿರಬೇಕು. 'ಚೆರಿಶ್' ಬಂದ ದಿನ, ಅಕ್ಕರೆಯಿಂದ ಜೋಪಾನ ಮಾಡುವುದು ಎಂದು ಬರೆಸಿದರು. ಅಮ್ಮನ ಮದುವೆ ಸೀರೆಯನ್ನು ಚೆರಿಶ್ ಮಾಡುತ್ತೇನೆಂದು ನಾನು ಜಂಬದಿಂದ ಬರೆದೆ.

"ಆ ಸೀರೆ ಬಿಸಿಲ್ಗೆ ಹಾಕೋರ್ಯಾರಮ್ಮ?" ಎಂದರು.

"ಅಮ್ಮ, ಮೇಡಂ."

"ಮಡಿಕೆ ಬಿಚ್ಚಿ ಬ್ಯಾರೆ ತರ ಮಡಿಚೋರ್ಯಾರು?"

"ಅಮ್ಮನೇ."

"ಹಂಗಾರೆ ಇದು ಅಬದ್ಧಂ, ಸುಳ್ಳು ಕಣಮ್ಮ. ನಿಂಗೆ ಆ ಸೀರೆ ಇಷ್ಟ, ಅಷ್ಟೇಯ. ನಮ್ಮ ಕೈಯಾರೆ ನೋಡ್ಕಂಡ್ರೇನೇ ಚೆರಿಶ್ ಆಗೋದು."

ವಾಕ್ಯದ ಮೇಲೆ ಕೆಂಪು ಗೆರೆ ಎಳೆದೇಬಿಟ್ಟರು. ಉಳಿದ ಐವರದು ಪಾಸಾಯಿತು, ಒಬ್ಬಳದಂತೂ ಕುರಿಮರಿಯ ಮೇಲಿನ ವಾಕ್ಯ. ನನಗೆ ಅಳುವೇ ಬಂತು. ಅವರು ಒಳಗಿನಿಂದ ಅಲಸಂದೆ ವಡೆ ತಂದು ಕೈಗಿಟ್ಟು, "ನಿಜವಾದ ವಾಕ್ಯ ನಿಧಾನ್ವಾಗಿ ತಕಂಡ್ ಬಾ," ಎಂದರು.

ಮದುವೆಯಾಗಿ ಕಲ್ಯಾಣದುರ್ಗಕ್ಕೆ ಬಂದೆ. ಇಲ್ಲಿ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಹೇಳತೊಡಗಿದೆ. ಅವರೇ ಆಗಾಗ ಫೋನ್ ಮಾಡುತ್ತಿದ್ದರು. "ಚೆಂದಾಗಿದ್ದೀಯೇನಮ್ಮ? ವಾಕ್ಯ ಸಿಕ್ತಾ?"

ಸಿಕ್ಕಿತ್ತು. ಅದು ಅವರ ಕುರಿತೇ ಇತ್ತು. ಫೋನಿನಲ್ಲಿ ಹೇಳಲು ನಾಚಿಕೆ. "ಬಂದು ಎದುರಿಗೇ ಹೇಳ್ತೀನಿ ಮೇಡಂ," ಎನ್ನುತ್ತಿದ್ದೆ.

"ಬಾರಮ್ಮ. ಈ ಮೊಣಕಾಲು ಇಟ್ಕಂಡು ನಾನೆಲ್ಲಿಗೆ ಹೋಯ್ತೀನಿ?"

ಪರೀಕ್ಷೆ, ಮಗುವಿನ ಜ್ವರ, ನಾದಿನಿಯ ಸೀಮಂತ ಎಂದು ಮೂರು ವರ್ಷ ಕಳೆದವು. ಒಂದು ಬೆಳಿಗ್ಗೆ ಅವರ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಅವರ ಮಗಳು. ಮೇಡಂ ತೀರಿಹೋಗಿದ್ದರು.

ಆಮೇಲೊಂದು ದಿನ ಬರೆದೆ, ನಮ್ಮ ಮೇಡಂ ಅವರನ್ನು ನಾನು ಚೆರಿಶ್ ಮಾಡುತ್ತಿದ್ದೆ ಎಂದು. ಅವರು ಕಲಿಸಿದಂತೆಯೇ ವಾಕ್ಯವನ್ನು ಪರೀಕ್ಷಿಸಿದೆ. ಆ ಮೊಣಕಾಲಿಗೆ ಎಣ್ಣೆ ತಿಕ್ಕಿದವರು ಯಾರು? ಆಸ್ಪತ್ರೆಗೆ ಕರೆದುಕೊಂಡು ಹೋದವರು ಯಾರು? ನಾನಲ್ಲ. ಅವರೆಂದರೆ ನನಗೆ ಪ್ರಾಣ. ಈಗಲೂ ಸಂಜೆಯಾದರೆ ಹೋಗಿ ಅವರ ಮುಂದೆ ಕೂರಬೇಕೆಂದು ಜೀವ ಹಂಬಲಿಸುತ್ತದೆ. ಆದರೂ ವಾಕ್ಯದ ಮೇಲೆ ನಾನೇ ಗೆರೆ ಎಳೆದೆ. ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ದಿನವೂ ಬಸ್ಸಿತ್ತು.