ಹೊಂಡ ಬಿಟ್ಟು ಏಳದ ಸತ್ಯಬೋಧ

ಹುನಗುಂದದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದ ಪಂಢರೀನಾಥ ಮಾಸ್ತರರಿಗೆ ಒಬ್ಬನೇ ಮಗ, ಸತ್ಯಬೋಧ. ಆರು ವರ್ಷವಾದರೂ ಅವನು ತಾನಾಗಿ ಒಂದು ಮಾತು ಆಡಲಿಲ್ಲ. ಎದುರಿನವರು ಅಂದದ್ದನ್ನೇ ತಿರುಗಿ ಅನ್ನುತ್ತಿದ್ದ, ಅಷ್ಟೆ. ಹುಬ್ಬಳ್ಳಿಯ ಡಾಕ್ಟರು ಆಟಿಸಂ ಎಂದರು. ಇದು ಗುಳಿಗೆಯಿಂದ ಹೋಗುವಂಥದ್ದಲ್ಲ ಎಂದೂ ಹೇಳಿದರು. ಅವತ್ತು ಅವನ ಹುಟ್ಟಿದ ದಿನವಾಗಿತ್ತು. ತಿರುಗಿ ಬರುವಾಗ ಕುಳಗೇರಿ ಕ್ರಾಸ್ ದಾಟುತ್ತಲೇ ಹುಡುಗ ಬಸ್ಸಿನಲ್ಲಿ ಕಿರುಚತೊಡಗಿದ. ಜನ ಬೈದರು. ಮಾಸ್ತರರು ಬಾದಾಮಿಯಲ್ಲಿ ಇಳಿದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಮಹಾಕೂಟಕ್ಕೆ ಹೊರಟಿದ್ದ ಟಂಟಂ ರಿಕ್ಷಾ ಹತ್ತಿಬಿಟ್ಟರು. ಅಲ್ಲಿಯ ಗುಡಿಯ ಹೊಂಡಕ್ಕೆ ಇಳಿಸಿದ ಕೂಡಲೇ ಮಗ ಸುಮ್ಮನಾದ. ಆಮೇಲೆ ನಕ್ಕ.

ಅಂದಿನಿಂದ ಪ್ರತಿ ಹುಟ್ಟುಹಬ್ಬಕ್ಕೂ ಮಹಾಕೂಟ. ನಿವೃತ್ತರಾಗಿ ಬಾಗಲಕೋಟೆಯ ನವನಗರಕ್ಕೆ ಬಂದ ಮೇಲೂ ಇದು ತಪ್ಪಲಿಲ್ಲ. ಮಗ ಸಣ್ಣವನಿದ್ದಾಗ ಹೊರಡುವ ಹೊತ್ತಿಗೆ ಕಂಕುಳಿಗೆ ಕೈ ಹಾಕಿ ನೀರಿನಿಂದ ಎತ್ತಿಕೊಳ್ಳುತ್ತಿದ್ದರು. ಹದಿನೈದರ ಹೊತ್ತಿಗೆ ರಟ್ಟೆ ಹಿಡಿದು ಎಳೆದರೆ ಬರುತ್ತಿದ್ದ. ಈ ವರ್ಷ ಅವನಿಗೆ ಇಪ್ಪತ್ತಾರು ತುಂಬಿತು. ಆಳೆತ್ತರ, ಎಂಬತ್ತನಾಲ್ಕು ಕಿಲೊ ತೂಕ. ಮಾಸ್ತರರಿಗೆ ಅರವತ್ತಾರು. ಹೋದ ಶ್ರಾವಣದಲ್ಲಿ ಎದೆಗೆ ಎರಡು ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದರು.

“ಈ ಸಲ ಬ್ಯಾಡ್ರಿ,” ಎಂದರು ಹೆಂಡತಿ ಸರಸ್ವತೀಬಾಯಿ. ಮೊಣಕಾಲು ನೋವಿನಿಂದ ಅವರು ಜೊತೆಗೆ ಬರುವಂತಿರಲಿಲ್ಲ. “ಮನ್ಯಾಗ ಆರತಿ ಮಾಡೋಣು. ಪಾಯಸಾ ಮಾಡ್ತೇನಿ.”

“ವರ್ಷಕ್ಕ ಒಂದ ದಿನಾ ಅಂವಾ ಬಾಯಿ ತುಂಬ ನಗ್ತಾನ. ಅದನ್ನೂ ತಪ್ಪಿಸೋದೇನ? ಮಧ್ಯಾಹ್ನಕ್ಕ ಬಂದಬಿಡ್ತೇವಿ.”

ಬೆಳಿಗ್ಗೆ ಹತ್ತು ಗಂಟೆಗೆ ಸತ್ಯಬೋಧ ಹೊಂಡದ ನೀರಿಗಿಳಿದ. ಅಂಗೈಯಿಂದ ನೀರು ಬಡಿಯುತ್ತ, ಹ್ಞೂಂಕಾರದ ಒಂದೇ ರಾಗ ಎಳೆಯುತ್ತ, ನಡುನಡುವೆ ನಗುತ್ತ ಇದ್ದ. ಮಾಸ್ತರರು ಮೆಟ್ಟಿಲ ಮೇಲೆ ಕೂತು ನೋಡಿದರು. ಬಂದದ್ದು ಛಲೋ ಆಯಿತು ಅನಿಸಿತು.

ಹನ್ನೆರಡಕ್ಕೆ ಟವೆಲ್ ಹಿಡಿದು ಕರೆದರು. “ಸತ್ಯಾ, ಹೋಗೋಣು ಬಾ.”

“ಹೋಗೋಣು ಬಾ,” ಎಂದ ಸತ್ಯಬೋಧ. ಅಲ್ಲಿಂದ ಅಲುಗಲಿಲ್ಲ.

ಬುತ್ತಿ ಬಿಚ್ಚಿ ತೋರಿಸಿದರು. ಅವನು ನೋಡಲಿಲ್ಲ. ಮನೆಗೆ ಫೋನು ಹಚ್ಚಿ, ತಾಯಿಯ ದನಿಯನ್ನು ಸ್ಪೀಕರಿನಲ್ಲಿ ಕೇಳಿಸಿದರು. ಅವನು ತಲೆ ಮುಳುಗಿಸಿಕೊಂಡ. ಕೊನೆಗೆ ಮಾಸ್ತರರು ಧೋತರ ಎತ್ತಿ ಕಟ್ಟಿ ಮೊಣಕಾಲುಮಟ ಇಳಿದು ಅವನ ಕೈ ಹಿಡಿದು ಜಗ್ಗಿದರು. ಅವನು ಕೈ ಕೊಸರಿಕೊಂಡ ರಭಸಕ್ಕೆ ಇವರೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಎದೆ ಡವಗುಟ್ಟುತ್ತಿತ್ತು.

ಎರಡು ಗಂಟೆಯ ಸುಮಾರಿಗೆ ಮದುಮಕ್ಕಳನ್ನು ಕರೆದುಕೊಂಡು ಒಂದು ಕುಟುಂಬ ಬಂತು. ಅವರ ಹಿರಿಯ, ಅಂದಪ್ಪ ಎನ್ನುವವರು, ಹತ್ತಿರ ಬಂದು ಮೆಲ್ಲಗೆ ಕೇಳಿದರು. “ಯಜಮಾನ್ರ, ನಮ್ಮ ಹೆಣ್ಮಕ್ಕಳು ಜಳಕಾ ಮಾಡ್ಬೇಕ್ರಿ. ನೀರಾಗ ಇದ್ದವ್ರಿಗೆ ಸ್ವಲ್ಪ ಹೊರಗ ಬರಾಕ ಹೇಳ್ತೀರೇನ್ರಿ?”

“ನನ್ನ ಮಗಾರೀ. ಹೇಳಿದ್ದು ತಿಳಿಯಾಂಗಿಲ್ಲ ಅವಂಗ. ಎರಡ ತಾಸಿನಿಂದ ಕರೀಲಿಕ್ಕತ್ತೇನಿ.”

“ನಮ್ಮ ಹುಡುಗರು ಎಬ್ಬಿಸಿ ತರ್ತಾರ ತಗೋರಿ.”

ಬೇಡ ಅನ್ನಬೇಕಾಗಿತ್ತು. ಆದರೆ ಬೇರೆ ದಾರಿ ಕಾಣಲಿಲ್ಲ. “ಸಾವಕಾಶ ಹಿಡೀರಿ,” ಎಂದರು.

ಅಂದಪ್ಪನ ಮಗ ಶ್ರೀಶೈಲ ಮತ್ತು ಇನ್ನೊಬ್ಬ ನೀರಿಗಿಳಿದು ಎರಡೂ ರಟ್ಟೆ ಹಿಡಿದರು. ಸತ್ಯಬೋಧ ಒಮ್ಮೆಲೇ ಚೀರಿದ. ಗುಡಿಯ ಮೇಲಿನ ಮಂಗಗಳು ಚದುರಿದವು. ಅವನು ತನ್ನ ಮುಂಗೈಯನ್ನೇ ಕಚ್ಚಿಕೊಂಡ, ತಲೆ ಕೊಡವಿದ. ಅದು ಶ್ರೀಶೈಲನ ಮೂಗಿಗೆ ಬಡಿಯಿತು. ಮೂಗಿನಿಂದ ರಕ್ತ ಬಂದದ್ದು ಕಂಡು ಶ್ರೀಶೈಲ ಸಿಟ್ಟಿಗೆದ್ದು ಅವನ ಕಪಾಳಕ್ಕೆ ಹೊಡೆದ.

ಮಾಸ್ತರರು ಎದ್ದು ನಿಂತರು. ಇಪ್ಪತ್ತಾರು ವರ್ಷದಲ್ಲಿ ಅವರು ಮಗನ ಮೇಲೆ ಕೈ ಎತ್ತಿದವರಲ್ಲ. “ಬಿಡ್ರಿ, ಬಿಡ್ರಿ ಅವನ್ನ” ಎಂದದ್ದು ಅವರ ಕಿವಿಗೇ ಕೇಳಿಸಲಿಲ್ಲ. ಅಂದಪ್ಪ ಮಗನನ್ನು ಬೈದು ಮೇಲೆ ಕರೆದರು. ಮಾಸ್ತರರಿಗೆ ಕೈ ಮುಗಿದು, ತಮ್ಮವರನ್ನು ಕರೆದುಕೊಂಡು ಜಳಕ ಮಾಡದೆಯೇ ಗುಡಿಯ ಕಡೆಗೆ ಹೋದರು.

ಸತ್ಯಬೋಧ ನೀರಿನ ನಡುವಿನ ಸಣ್ಣ ಮಂಟಪದ ಹತ್ತಿರ ಹೋಗಿ, ತಂದೆಗೆ ಬೆನ್ನು ಮಾಡಿ ನಿಂತುಬಿಟ್ಟ. ಮಾಸ್ತರರು ಟವೆಲ್ ಹಿಡಿದುಕೊಂಡು ಮತ್ತೆ ಮೆಟ್ಟಿಲ ಮೇಲೆ ಕೂತರು.

ಅಲ್ಲಿ ರೊಟ್ಟಿ ಮೊಸರು ಮಾರುವ, ಇವರನ್ನು ಪ್ರತಿ ವರ್ಷ ಕಂಡು ಬಲ್ಲ ಗುರುಸಿದ್ದವ್ವ ಇದನ್ನೆಲ್ಲ ನೋಡಿದ್ದಳು. ಒಂದು ಲೋಟ ಮಜ್ಜಿಗೆ ತಂದಿಟ್ಟಳು. “ಕುಡೀರಿ ಮಾಸ್ತರ. ನಿಮಗ ಏನಾರ ಆದ್ರ ಅವನ್ನ ಯಾರು ಮನಿಗೆ ಒಯ್ಯೋರು?”

ಅವಳು ಸಹಜವಾಗಿ ಅಂದ ಮಾತು ಅದು. ಮಾಸ್ತರರು ಮಜ್ಜಿಗೆ ಕುಡಿದರು. ಆ ಪ್ರಶ್ನೆಯನ್ನು ಅವರೂ ಸರಸ್ವತೀಬಾಯಿಯೂ ಇಷ್ಟು ವರ್ಷ ಬಾಯಿಗೆ ತಂದಿರಲಿಲ್ಲ.

ಮೂರಾಯಿತು, ನಾಲ್ಕಾಯಿತು. ಐದರ ಸುಮಾರಿಗೆ ಸತ್ಯಬೋಧ ಯಾರೂ ಕರೆಯದೆ ತಾನಾಗಿಯೇ ಮೆಟ್ಟಿಲು ಹತ್ತಿ ಬಂದ. ತುಟಿ ಕಪ್ಪಿಟ್ಟಿತ್ತು, ಬೆರಳೆಲ್ಲ ಸುಕ್ಕುಗಟ್ಟಿದ್ದವು. ತಂದೆಯ ಮುಂದೆ ಎರಡೂ ಕೈ ಮೇಲೆತ್ತಿ ನಿಂತ. ಮಾಸ್ತರರು ಅವನ ಮೈ ಒರೆಸಿದರು. ಎಡಗೆನ್ನೆಯ ಮೇಲೆ ಬೆರಳು ಮೂಡಿದ್ದವು. ಅಲ್ಲಿ ಟವೆಲ್ಲನ್ನು ಮೆಲ್ಲಗೆ ಒತ್ತಿದರು.

“ತಪ್ಪಾತಪಾ,” ಎಂದರು.

“ತಪ್ಪಾತಪಾ,” ಎಂದ ಸತ್ಯಬೋಧ.

ಮಾಸ್ತರರು ಅಲ್ಲಿಯೇ ಅತ್ತರು. ಗುರುಸಿದ್ದವ್ವ ಮುಖ ತಿರುಗಿಸಿ ತನ್ನ ಬುಟ್ಟಿ ಕಟ್ಟಿದಳು.

ಮನೆ ಮುಟ್ಟಿದಾಗ ಏಳೂವರೆ. ಸರಸ್ವತೀಬಾಯಿ ಮಗನ ಗಲ್ಲ ನೋಡಿದರು, ಗಂಡನ ಮುಖ ನೋಡಿದರು. ಮಾಸ್ತರರು ಏನನ್ನೂ ಮುಚ್ಚಿಡಲಿಲ್ಲ. ಮಗನಿಗೆ ಪಾಯಸ ಬಡಿಸಿಕೊಟ್ಟು ಇಬ್ಬರೂ ಹೊರಗೆ ಕೂತರು.

“ಇನ್ನ ಮುಂದ ನನ್ನ ಕಡೆ ಆಗಾಂಗಿಲ್ಲ,” ಎಂದರು ಮಾಸ್ತರರು. “ಹೊಂಡ ಅಷ್ಟ ಅಲ್ಲ, ಯಾವುದೂ.”

ಆ ಭಾನುವಾರ ಅವರು ಇಳಕಲ್ಲಿನಲ್ಲಿರುವ ಮಿಲಿಂದನಿಗೆ ಫೋನು ಮಾಡಿದರು. ಅವನು ಸರಸ್ವತೀಬಾಯಿಯ ಅಣ್ಣನ ಮಗ, ಬ್ಯಾಂಕಿನ ನೌಕರ, ಗಟ್ಟಿ ಆಳು. ಬರುವ ವರ್ಷ ಒಂದು ದಿನ ಸತ್ಯಾನ ಜೊತೆ ಬರಲಾದೀತೇ ಎಂದು ಕೇಳಿದರು. ಕೇಳಬೇಕಾಗಿದ್ದದ್ದು ತಮ್ಮ ನಂತರದ ಮಾತು, ಅದನ್ನು ಕೇಳಲಾಗಲಿಲ್ಲ.

“ನೋಡೋಣು ತಗೋರಿ ಮಾಮಾ. ಆವಾಗ ರಜಾ ಸಿಗಬೇಕಲಾ,” ಎಂದ ಮಿಲಿಂದ.

ಮಾಸ್ತರರು ಸ್ಪೀಕರ್ ಆರಿಸಿ ಫೋನು ಇಟ್ಟರು.

“ಆಗಾಂಗಿಲ್ಲಾ ಅಂತೇನು ಅನ್ಲಿಲ್ಲಲಾ,” ಎಂದರು ಸರಸ್ವತೀಬಾಯಿ.

“ಅನ್ಲಿಲ್ಲ,” ಎಂದರು ಮಾಸ್ತರರು.