ಹಳಿಯಾಳದಿಂದ ದಾಂಡೇಲಿಗೆ ಏಳನೆಯ ಅಧ್ಯಾಯ

ದಾಂಡೇಲಿಯ ಕಾಗದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಜ್ಯೋತಿಬಾ ತನ್ನ ಮೊದಲ ಕಾದಂಬರಿ ಬರೆಯತೊಡಗಿದ. ಧಾರವಾಡದ ಪ್ರಕಾಶನವೊಂದರ ಸಂಪಾದಕಿ ಮಧುಮತಿ ಪ್ರತಿ ಅಧ್ಯಾಯ ಓದಿ ಪತ್ರ ಹಾಕುತ್ತಿದ್ದರು. ಏಳನೆಯ ಅಧ್ಯಾಯ ಓದಿ ಕೇಳಿದರು: ‘ನಿಮ್ಮ ನಾಯಕ, ನಾಯಕಿ ಬೆಳಿಗ್ಗೆ ಹಳಿಯಾಳ ಬಿಟ್ಟು ಹನ್ನೆರಡರೊಳಗೆ ದಾಂಡೇಲಿಗೆ ನಡೆದು ಬರುತ್ತಾರೆ. ಇದು ಸಾಧ್ಯವೇ?’

ಜ್ಯೋತಿಬಾನಿಗೆ ಸಿಟ್ಟು ಬಂತು. “ಈ ಸಂಪಾದಕಿ ಬಾಯಾರು ನನ್ನ ಮಾತು ನಂಬೂದಿಲ್ಲ ನೋಡು,” ಎಂದ.

“ನಡದ ನೋಡೂಣು ಬರ್ರಿ,” ಎಂದಳು ಹೆಂಡತಿ ಮಾಲವ್ವ.

ಮರುದಿನ ಇಬ್ಬರೂ ಮೊದಲ ಬಸ್ಸಿಗೆ ಹಳಿಯಾಳಕ್ಕೆ ಹೋಗಿ, ಅಲ್ಲಿಂದ ನಡೆಯತೊಡಗಿದರು. ಅರ್ಧ ದಾರಿಯಲ್ಲಿ ಜ್ಯೋತಿಬಾನ ಮೊಣಕಾಲು ಹಿಡಿದುಕೊಂಡಿತು. ಖಾಲಿ ಟ್ರ್ಯಾಕ್ಟರೊಂದು ಬಂದಾಗ ಕೈ ಮಾಡಿದ.

“ನೀವು ಹತ್ರಿ. ನಾ ನಡಕೋತ ಬರ್ತೇನಿ,” ಎಂದು ಮಾಲವ್ವ ಮುಂದೆ ಸಾಗಿದಳು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ದಾಂಡೇಲಿ ಮುಟ್ಟಿದಳು.

ಜ್ಯೋತಿಬಾ ಅಂದೇ ಬರೆದ: ‘ನನ್ನ ಹೆಂಡತಿ ಮಾಲವ್ವ ಹೊತ್ತಿಗೆ ಸರಿಯಾಗಿ ನಡೆದು ಬಂದಳು. ನಾನು ಟ್ರ್ಯಾಕ್ಟರ್ ಹತ್ತಿದೆ. ಕಥೆಯನ್ನೂ ಹಾಗೆಯೇ ತಿದ್ದಿದ್ದೇನೆ.’

ವಾರದಲ್ಲಿ ಉತ್ತರ ಬಂತು: ‘ಓದಿ ತುಂಬಾ ನಕ್ಕೆ. ಒಂದಕ್ಷರವನ್ನೂ ಮುಟ್ಟುವುದಿಲ್ಲ. ಮುಂದಿನ ಅಧ್ಯಾಯಗಳನ್ನು ಮೊದಲು ಮಾಲವ್ವನವರಿಗೆ ತೋರಿಸಿ.’

ಮಾಲವ್ವ ಎಂಟನೆಯ ಅಧ್ಯಾಯ ಹಿಡಿದು ಕಟ್ಟೆಯ ಮೇಲೆ ಕುಳಿತಳು.

“ಪೆನ್ ಕೊಡ್ರಿ,” ಎಂದಳು.