ಲಿಂಗದ ನೀರು ಕುಡಿದ ಲೋಳೆಸರ

ಗುರುಶಾಂತಮ್ಮನ ಕೈಗುಣ ಕೆಟ್ಟದ್ದೆಂಬ ಮಾತು ಮನೆಯಲ್ಲಿ ಹುಟ್ಟಿದ್ದು ಒಂದು ಲೋಳೆಸರದ ಗಿಡದಿಂದ.

ಶಕ್ತಿನಗರದ ವಿದ್ಯುತ್ ಸ್ಥಾವರದ ಕೆಲಸ ಶುರುವಾಗಿ ರಾಯಚೂರಿಗೆ ಎಲ್ಲೆಲ್ಲಿಯ ಮಂದಿಯೋ ಬಂದು ತುಂಬಿಕೊಂಡ ಕಾಲ ಅದು. ಅಂಗಳವಿರುವ ಮನೆ ಸಿಗುವುದೇ ಕಷ್ಟ. ಮಾವ ತೀರಿಕೊಂಡ ವರ್ಷ ಗಂಡ ವಿರೂಪಣ್ಣನಿಗೆ ಇಲ್ಲಿನ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕು, ಮನೆಮಂದಿಯೆಲ್ಲ ಮಾನ್ವಿಯಿಂದ ಎರಡು ಕೋಣೆಯ ಬಾಡಿಗೆ ಮನೆಗೆ ಬಂದರು. ಬರುವಾಗ ಅತ್ತೆ ಶಿವಬಸಮ್ಮ ವನಸ್ಪತಿ ತುಪ್ಪದ ತಗಡಿನ ಡಬ್ಬಿಯೊಂದರಲ್ಲಿ ಲೋಳೆಸರ ನೆಟ್ಟುಕೊಂಡು ಬಂದಿದ್ದಳು. ಹೊರಗಿಟ್ಟರೆ ಕಣ್ಣುರಿಗೆಂದು ಒಬ್ಬರು, ಸುಟ್ಟಗಾಯಕ್ಕೆಂದು ಒಬ್ಬರು ಎಲೆ ಮುರಿದುಕೊಂಡು ಹೋಗುತ್ತಾರೆ. ಹಾಗಾಗಿ ಡಬ್ಬಿ ಒಳಗೆ, ದೇವರ ಗೂಡಿನ ಕೆಳಗೆ ಕೂತಿತು. ಅದರ ಆರೈಕೆ ಸೊಸೆಯ ಪಾಲಿಗೆ ಬಂತು.

ಮಳೆಗಾಲ ಕಳೆಯುವುದರೊಳಗೆ ಎಲೆಗಳು ಜೋತುಬಿದ್ದವು.

"ನಿನ್ನ ಕೈಗುಣ ಬೇ," ಎಂದಳು ಅತ್ತೆ. "ಮಾನ್ವ್ಯಾಗ ನಾ ಇದರ ಕಡಿ ತಿರುಗಿ ನೋಡ್ತಿದ್ದಿಲ್ಲ. ಎಮ್ಮಿ ಕೋಡಿನಂಗ ಬೆಳೀತಿತ್ತು."

ಮಾತು ಗಿಡದಲ್ಲೇ ನಿಂತಿದ್ದರೆ ಗುರುಶಾಂತಮ್ಮ ನುಂಗಿಕೊಳ್ಳುತ್ತಿದ್ದಳು. ಆದರೆ ಬರುವ ಯುಗಾದಿ ಕಳೆದ ಮೇಲೆ ನಾದಿನಿ ಗೋಪಮ್ಮನ ಮದುವೆ. ದೇವದುರ್ಗದ ವರ. ಗೋಪಮ್ಮ ಸಣ್ಣಾಕಿಯಿದ್ದಾಗಿನಿಂದ ಎಣ್ಣೆ ಹಚ್ಚಿ, ಹೆರಳು ಹಾಕಿ ಬೆಳೆಸಿದವಳು ಈಕೆಯೇ. ಮದುವೆಯ ಅರಿಷಿಣ ಕುಟ್ಟುವಾಗ ಒನಕೆಗೆ ಮೊದಲ ಕೈ ಮನೆಯ ಸೊಸೆಯದು. ಶಿವಬಸಮ್ಮ ಅದಕ್ಕೇ ಗಂಟು ಹಾಕಿದಳು.

"ಗಿಡಾನ ಬಾಳಸಲಾರದ ಕೈ ಅರಿಷಿಣಕ್ಕ ಹ್ಯಾಂಗ ಹಚ್ಚಸ್ಲಿ? ಮೊದ್ಲ ಇದು ಚೇತರಿಸ್ಕೊಳ್ಳಿ."

ಅಂದಿನಿಂದ ಗುರುಶಾಂತಮ್ಮನಿಗೆ ಗಿಡದ ಬೇನೆ ಹುಡುಕುವುದೇ ಧ್ಯಾನವಾಯಿತು. ಬೆಳಕು ಸಾಲದೇನೋ ಎಂದು ಡಬ್ಬಿಯನ್ನು ಬಾಗಿಲಿಗೆ ಒಯ್ದಿಟ್ಟಳು. ರಾಯಚೂರಿನ ಬಿಸಿಲು ಗೊತ್ತಲ್ಲ, ಎಲೆ ಇಟ್ಟಂಗಿಯ ಕೆಂಪು ಬಣ್ಣಕ್ಕೆ ತಿರುಗಿತು. "ಈಗ ಸುಟ್ಟೂ ಬಿಟ್ಟಿ," ಎಂದಳು ಅತ್ತೆ. ಮತ್ತೆ ಒಳಗೆ ತಂದಳು. ಎಲೆಯ ಕಂಕುಳಲ್ಲಿ ಹತ್ತಿಯಂಥ ಬಿಳಿ ಹುಳ ಕಂಡವು. ಇದೇ ಇರಬೇಕೆಂದು ಅಂಟುವಾಳದ ನೀರಲ್ಲಿ ಅರಿವೆ ಅದ್ದಿ ಸಂದುಸಂದನ್ನೂ ಒರೆಸಿದಳು. ಹುಳ ಹೋದವು, ಜೋಲು ಹೋಗಲಿಲ್ಲ. ಬಾಯಾರಿಕೆಯೇ ಎಂದು ಎಲೆ ಹಿಡಿದು ನೋಡಿದಳು. ನೀರು ಕಾಣದ ಲೋಳೆಸರ ತೆಳ್ಳಗಾಗುತ್ತದೆ, ಮುದುಕಿಯ ಬೆರಳಿನಂತೆ ಸುಕ್ಕುಗಟ್ಟುತ್ತದೆ. ಇದು ಹಾಗಿರಲಿಲ್ಲ. ಉಬ್ಬಿಕೊಂಡು, ಬುಡದಲ್ಲಿ ನೀರುಗುಳ್ಳೆಯಂತೆ ತಿಳಿಯಾಗಿತ್ತು, ಒತ್ತಿದರೆ ಬೆರಳೇ ಒಳಗೆ ಹೋಯಿತು. ಮಣ್ಣಿಗೆ ಮೂಗಿಟ್ಟರೆ ಹಳಸಿದ ಅಂಬಲಿಯ ವಾಸನೆ.

ನೀರು ಹೆಚ್ಚಾಗಿದೆ. ಆದರೆ ತಾನು ಹಾಕುವುದು ಸೋಮವಾರಕ್ಕೊಮ್ಮೆ ಒಂದು ಬಟ್ಟಲು. ಮತ್ತೆ ಯಾರು?

ಮರುದಿನ ರೊಟ್ಟಿ ಬಡಿಯುತ್ತ ದೇವರ ಗೂಡಿನ ಕಡೆಗೇ ಕಣ್ಣಿಟ್ಟಳು. ಅತ್ತೆ ಪೂಜೆ ಮುಗಿಸಿ, ಲಿಂಗಕ್ಕೆ ಎರೆದ ನೀರಿನ ಗಿಂಡಿಯನ್ನು ಡಬ್ಬಿಗೆ ಬಗ್ಗಿಸಿದಳು. ಆ ನೀರನ್ನು ಯಾರೂ ತುಳಿಯಬಾರದು. ಮಾನ್ವಿಯಲ್ಲಿ ಅದು ಹಿತ್ತಲಿನ ಬಿಲ್ವಪತ್ರಿ ಗಿಡದ ಬುಡಕ್ಕೆ ಹೋಗುತ್ತಿತ್ತು. ಇಲ್ಲಿ ಬಚ್ಚಲಿಗೆ ಚೆಲ್ಲಲಾದೀತೇ, ಓಣಿಗೆ ಚೆಲ್ಲಲಾದೀತೇ? ಡಬ್ಬಿಯ ತಳದಲ್ಲಿ ತೂತೂ ಇಲ್ಲ. ದಿನದಿನದ ನೀರು ಅಲ್ಲೇ ನಿಂತು ಬೇರು ಕೊಳೆಸಿತ್ತು.

ಬೇನೆ ಸಿಕ್ಕಿತು, ಹೇಳುವ ಬಾಯಿ ಸಿಗಲಿಲ್ಲ. ಗಂಡನ ಮುಂದೆ ಹೇಳಿಕೊಂಡಳು.

"ಅವ್ವಗ ನೀನ ಹೇಳು," ಎಂದ ವಿರೂಪಣ್ಣ ಅಂಗಿ ತೊಟ್ಟು ಗಿರಣಿಗೆ ಹೋದ.

ಆದಷ್ಟು ಮೆತ್ತಗೆ ಹೇಳಿದಳು. "ಅತ್ತಿ, ಗಿಡಕ್ಕ ನೀರು ಜಾಸ್ತಿ ಆಗ್ಯಾವ. ಆ ಗಿಂಡಿ ನೀರು ಬ್ಯಾರೆ ಕಡಿ ಹಾಕಿದ್ರ..."

"ಲಿಂಗದ ನೀರು ಕುಡದು ಗಿಡ ಸಾಯ್ತದೇನ? ನಾ ದಿನಾ ಕುಡದು ಬದುಕಿಲ್ಲೇನ?"

ಮರುದಿನದಿಂದ ಅತ್ತೆ, ದೇವರೇ ಉಳಿಸಲಿ ಎಂದು, ತುಂಬಿದ ಗಿಂಡಿ ಬಗ್ಗಿಸತೊಡಗಿದಳು.

ಪಕ್ಕದ ಮನೆಯ ಬಳೆಗಾರ್ತಿ ಬಡೇಬೀ ಒಂದು ದಿನ ಇಣುಕಿದಳು. "ಕ್ಯಾ ಮಾ, ಗಿಡದ ಮುಂದ ಕುಂತು ಸತ್ತೋರ ಮಯ್ಯತ್ ಕಾಯಾಕತ್ತೀಯೇನ?"

ಗುರುಶಾಂತಮ್ಮ ಇದ್ದದ್ದೆಲ್ಲ ಹೇಳಿದಳು. ಬಡೇಬೀ ಬಾಯಿಗೆ ಸೆರಗು ಹಿಡಿದು ನಕ್ಕಳು.

"ನಿಮ್ಮ ಅತ್ತಿ ನೀರು ಅಂದ್ರ ಕೇಳಂಗಿಲ್ಲ, ನಜರ್ ಅಂದ್ರ ಕೇಳ್ತಾಳ. ನಮ್ಮ ಬಾಗಲಾ ನೋಡು."

ಅವಳ ಮನೆಯ ಬಾಗಿಲ ಮೇಲೆ, ಕೆಟ್ಟ ದೃಷ್ಟಿ ತಾಗದಿರಲೆಂದು ಕಟ್ಟಿದ ಲೋಳೆಸರ ಬೇರು ಮೇಲಾಗಿ ತೂಗುತ್ತಿತ್ತು. ಮಣ್ಣಿಲ್ಲ, ನೀರಿಲ್ಲ, ಆದರೂ ಹಸಿರು.

"ಉಲ್ಟಾ ತೂಗೋ ಗಿಡಕ್ಕ ಗಿಂಡಿ ಹೆಂಗ ಬಗ್ಗಸ್ತಾಳ?"

ಬಡೇಬೀಯೇ ಒಳಗೆ ಬಂದು, "ಇದಕ್ಕ ನಜರ್ ಬಿದ್ದಾದ ಬಡೀಮಾ, ಬಾಗಲಕ್ಕ ಕಟ್ರಿ," ಎಂದಳು. ಶಿವಬಸಮ್ಮ ಕೂಡಲೇ ಒಪ್ಪಿದಳು. "ನಾ ಆಗ್ಲೆ ಅಂದಿದ್ದಿಲ್ಲೇನು?" ಎಂದು ಸೊಸೆಯ ಕಡೆ ತಿರುಗಿದಳು. ಅಂದಿರಲಿಲ್ಲ.

ಗುರುಶಾಂತಮ್ಮ ಗಿಡ ಕಿತ್ತು, ಕಪ್ಪಾದ ಬೇರನ್ನೆಲ್ಲ ಕೊಯ್ದು, ಕೊಯ್ದಲ್ಲಿ ಒಲೆಯ ಬೂದಿ ಸವರಿ, ಬಾಗಿಲಿಗೆ ತಲೆಕೆಳಗಾಗಿ ಕಟ್ಟಿದಳು. ಎಲೆ ಮೊದಲು ಬತ್ತಿತು. ಆಮೇಲೆ ನಿಧಾನಕ್ಕೆ ಗಟ್ಟಿಯಾಯಿತು. ಸಂಕ್ರಾಂತಿಯ ಹೊತ್ತಿಗೆ ಕಾಂಡದ ಪಕ್ಕದಲ್ಲಿ ಒಂದು ಮರಿ ಒಡೆದಿತ್ತು.

"ಬಡೇಬೀ ಕೈಗುಣ ಅಂದ್ರ ಕೈಗುಣ," ಎಂದಳು ಶಿವಬಸಮ್ಮ, ಓಣಿಗೆಲ್ಲ ಕೇಳುವ ಹಾಗೆ. ಬಡೇಬೀ ಆ ಗಿಡವನ್ನು ಬೆರಳಲ್ಲೂ ಮುಟ್ಟಿರಲಿಲ್ಲ.

ಮದುವೆಗೆಂದು ಎಲ್ಲರೂ ಊರಿಗೆ ಹೋದರು. ಮಾನ್ವಿಯ ಹಳೆಯ ಮನೆಯಲ್ಲಿ ಅರಿಷಿಣ ಕುಟ್ಟುವ ದಿನ ಐದು ಮಂದಿ ಮುತ್ತೈದೆಯರು ಕೂಡಿದರು. ಅತ್ತೆ ಮೊದಲು ಕರೆದದ್ದು ತನ್ನ ತಮ್ಮನ ಹೆಂಡತಿಯನ್ನು. ಗುರುಶಾಂತಮ್ಮ ಕಂಬಕ್ಕೊರಗಿ ನಿಂತೇ ಇದ್ದಳು. ಕೊನೆಗೆ, "ಕಣ್ಣಿನ ದೋಷ ಹೋಗ್ಯಾದ, ನೀನೂ ಒಂದು ಕೈ ಹಾಕು ಬಾ," ಎಂದಳು ಅತ್ತೆ. ಐದನೆಯವಳಾಗಿ ಒನಕೆ ಹಿಡಿಯುವಾಗ ಒರಳಲ್ಲಿ ಕುಟ್ಟಲು ಕೊಂಬೇ ಉಳಿದಿರಲಿಲ್ಲ, ಬರೀ ಹಿಟ್ಟು.

ಸಂಜೆ ಶಿವಬಸಮ್ಮ ರಾಯಚೂರಿನಿಂದ ಬಿಡಿಸಿ ತಂದಿದ್ದ ಆ ಲೋಳೆಸರದ ಮರಿಯನ್ನು ಹೊಸದೊಂದು ಡಬ್ಬಿಯ ಜೊತೆಗೆ ಮಗಳ ಕೈಗಿಟ್ಟಳು. "ದೇವದುರ್ಗಕ್ಕ ಒಯ್ದು ನೆಡು. ದಿನಾ ಲಿಂಗದ ನೀರು ಹಾಕ್ವಾ, ಮರೀಬ್ಯಾಡ."

ಗುರುಶಾಂತಮ್ಮ ಗೋಪಮ್ಮನ ಕೈಯಿಂದ ಡಬ್ಬಿ ಇಸಿದುಕೊಂಡು ಹಿತ್ತಲಿಗೆ ನಡೆದಳು. ಅದನ್ನು ಬೋರಲು ಹಾಕಿ, ತಳಕ್ಕೆ ಮೊಳೆ ಇಟ್ಟು, ಕಲ್ಲು ಗುಂಡಿನಿಂದ ಒಂದು ಏಟು ಹಾಕಿದಳು. ಅರಿಷಿಣದ ಬೆರಳಚ್ಚು ತಗಡಿನ ಮೇಲೆ ಮೂಡಿತು.

ಹಿಂದೆಯೇ ಬಂದ ಗೋಪಮ್ಮ ಕೇಳಿದಳು, "ಏನ ಮಾಡಾಕತ್ತೀ ವೈನಿ?"

"ಕುಟ್ಟಾಕತ್ತೀನಿ," ಎಂದಳು ಗುರುಶಾಂತಮ್ಮ, ಮೊಳೆಯನ್ನು ಇನ್ನೊಂದು ಕಡೆಗೆ ಸರಿಸಿಟ್ಟುಕೊಳ್ಳುತ್ತ. "ಇದಕ್ಕಾದ್ರೂ ಮೊದಲ ಕೈ ನಂದ."